ನಡಕ್ಕೆ ತಕ್ಕ ಗಾದಿ

ಸುರಪುರದ ರಂಗಂಪೇಟೆಯಲ್ಲಿ ಬಗ್ಗಿದ ಮನುಷ್ಯ ಮೇಲೇಳುವುದು ತುಸು ತಡವಾದರೆ ಸಾಕು, ಸುತ್ತ ನಾಲ್ಕು ಮಂದಿ ಡಾಕ್ಟರು ಹುಟ್ಟಿಕೊಳ್ಳುತ್ತಾರೆ. ನೀವು ನಡದ ಮೇಲೆ ಕೈ ಇಟ್ಟು ‘ಅಯ್ಯೋ ಶಿವನೇ’ ಅಂದಿರೋ ಇಲ್ಲವೋ, ಚಹಾದಂಗಡಿಯ ಬೆಂಚಿನಿಂದಲೇ ತಪಾಸಣೆ ಶುರು: “ಟೊಂಕ ಹಿಡದದೇನ್ರಿ ಸರ?” ಹೌದೆಂದರೆ ಮುಂದಿನ ಪ್ರಶ್ನೆ ನಿಮ್ಮ ವಯಸ್ಸಿನದಲ್ಲ, ಊಟದ್ದಲ್ಲ, ಕೆಲಸದ್ದೂ ಅಲ್ಲ. “ಗಾದಿ ಯಾವುದದ ನಿಮ್ಮದು?”

ಕೊಲೆಯಾದ ಮನೆಯಲ್ಲಿ ಪೊಲೀಸರು ಮೊದಲು ಮನೆಯಾಳನ್ನು ಹಿಡಿಯುವ ಹಾಗೆ, ನಡ ನೋವಿಗೆ ಮೊದಲು ಸಿಗುವ ಆರೋಪಿ ಗಾದಿಯೇ. ಅದಕ್ಕೆ ಬಾಯಿಲ್ಲ, ವಕೀಲರಿಲ್ಲ. ಹಗಲೆಲ್ಲ ನಾವು ಮಾಡಿದ್ದಕ್ಕೆ ರಾತ್ರಿಯ ಏಳೆಂಟು ತಾಸು ನಮ್ಮನ್ನು ಹೊತ್ತು ಮಲಗಿದ್ದು ಅದರ ತಪ್ಪು.

ಗಾದಿಯ ವಿಷಯದಲ್ಲಿ ನಮ್ಮೂರಿನಲ್ಲಿ ಮೂರು ಪಕ್ಷಗಳಿವೆ. ಮೊದಲನೆಯದು ಫರಸಿ ಪಕ್ಷ. “ಗಾದಿ ಬಿಡ್ರಿ ಸರ, ಫರಸಿ ಮ್ಯಾಲ ಒಂದು ಚಾಪಿ ಒಗದು ಮಕ್ಕೋರಿ, ಎಂಟು ದಿನದಾಗ ನಡ ಸಡ್ಲ ಆಗ್ತದ” ಎನ್ನುವವರು. ಎರಡನೆಯದು ಹಲಗೆ ಪಕ್ಷ. ಮಂಚದ ಮೇಲೆ ಪ್ಲೈವುಡ್ ಹಲಗೆ ಹಾಕಿ, ಅದರ ಮೇಲೆ ಕೌದಿ ಹಾಸಬೇಕೆಂಬುದು ಅವರ ಪ್ರಣಾಳಿಕೆ. ಮೂರನೆಯದು ಬೆಂಗಳೂರಿನಲ್ಲಿ ಮಕ್ಕಳಿರುವವರ ಫೋಮ್ ಪಕ್ಷ. ಇವರಿಗೆ ಗಾದಿ ಎಂದರೆ ಸುರುಳಿ ಸುತ್ತಿ ಡಬ್ಬಿಯಲ್ಲಿ ಬರುವ ವಸ್ತು; ಪ್ಲಾಸ್ಟಿಕ್ ಕತ್ತರಿಸಿದ ಕೂಡಲೇ ಉಸಿರೆಳೆದುಕೊಂಡು ಕೋಣೆ ತುಂಬಾ ಉಬ್ಬಿ ನಿಲ್ಲುವಂಥದ್ದು.

ಇವರೆಲ್ಲರ ನಡುವೆ ಪಕ್ಷೇತರರೊಬ್ಬರಿದ್ದಾರೆ. ಗೋಕುಲಾಷ್ಟಮಿಯ ಹೊತ್ತಿಗೆ ಸುರಪುರದ ವೇಣುಗೋಪಾಲಸ್ವಾಮಿ ಗುಡಿಯ ಮುಂದೆ ನಡೆಯುವ ಕಂಬ ಏರುವ ಆಟದಲ್ಲಿ, ಹರೆಯದಲ್ಲಿ ಅರ್ಧ ಕಂಬ ಏರಿ ಪೂರ್ತಿ ಜಾರಿ ಬಂದವರು. ಆ ಒಂದು ಬೀಳುವಿಕೆಯ ಬಲದ ಮೇಲೆ ಬೆನ್ನಿಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲೂ ಅವರ ಮಾತೇ ಕೊನೆಯ ಮಾತು. “ಗಾದಿ ಯಾವುದರ ಇರಲಿ, ಬೀಳೂಮುಂದ ಬೆನ್ನು ಕೊಡಬಾರದು, ಮಗ್ಗಲಾ ಕೊಡಬೇಕು” ಎನ್ನುತ್ತಾರೆ. ನಾನು ಬೀಳುವ ವಿಚಾರದಲ್ಲಿಲ್ಲ, ಮಲಗುವ ವಿಚಾರದಲ್ಲಿದ್ದೇನೆ ಎಂದರೂ ಕೇಳುವುದಿಲ್ಲ.

ಫರಸಿ ಪಕ್ಷವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಶಹಾಬಾದ ಕಲ್ಲು ಹಾಸಿದ ನೆಲ ನಮ್ಮ ಕಡೆಯ ಮನೆಗಳ ದೊಡ್ಡ ಸುಖ. ಬ್ಯಾಸಗಿಯ ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿ, ಒರೆಸಿ, ಬರಿಮೈಯಲ್ಲಿ ಒರಗಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ವಾದದಲ್ಲಿ ಸೋಲುವ ಹೊತ್ತಿಗೆ ಈ ಪಕ್ಷದವರು ತೆಗೆಯುವ ಕೊನೆಯ ಸಾಕ್ಷಿ ಶಹಾಪುರದ ಬುದ್ಧ. ಸುರಪುರದಿಂದ ಬಸ್ಸು ಹಿಡಿದು ಶಹಾಪುರಕ್ಕೆ ಹೋದವರೆಲ್ಲ ಅದನ್ನು ನೋಡಿದ್ದಾರೆ: ಬೆಟ್ಟದ ಸಾಲಿನಲ್ಲಿ ಹಣೆ, ಮೂಗು, ತುಟಿ, ಗದ್ದ, ಎದೆ ಎಲ್ಲ ಒಂದೊಂದಾಗಿ ಬಿಡಿಸಿಕೊಂಡು, ಆಕಾಶ ನೋಡುತ್ತಾ ಮಲಗಿದ ಬುದ್ಧ. “ನೋಡ್ರಿ ಸರ, ಬರೀ ಕಲ್ಲಿನ ಮ್ಯಾಲ ಮಲಗ್ಯಾನ. ಒಂದಿನಾರ ನಡಾ ನೋಯ್ತದ ಅಂದಾನೇನು?”

ಬುದ್ಧನನ್ನು ಗಾದಿಯ ಜಗಳಕ್ಕೆ ಎಳೆಯಬಾರದು, ಆದರೆ ಎಳೆದ ಮೇಲೆ ಬಿಡುವಂತೆಯೂ ಇಲ್ಲ. ಶಿಲ್ಪಗಳಲ್ಲಿ ಪರಿನಿರ್ವಾಣದ ಬುದ್ಧ ಬಲಮಗ್ಗುಲಾಗಿ ಮಲಗಿರುತ್ತಾನೆ. ಶಹಾಪುರದವನು ಮಾತ್ರ ಅಂಗಾತ. ಇನ್ನು ಗಾದಿಯ ಬಗ್ಗೆ ಬೌದ್ಧರ ನಿಲುವು ಸ್ಪಷ್ಟವಾಗಿಯೇ ಇದೆ. ಎತ್ತರದ, ಐಷಾರಾಮದ ಹಾಸಿಗೆ ಬಿಡುವುದು ಅಷ್ಟಶೀಲಗಳಲ್ಲಿ ಕೊನೆಯದು. ಭಿಕ್ಷುಗಳ ನಡವಳಿಕೆ ಹೇಳುವ ವಿನಯಪಿಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಯಾವ ಭಿಕ್ಷುವಾದರೂ ಅರಳೆ ತುಂಬಿದ ಮಂಚ, ಪೀಠ ಮಾಡಿಸಿಕೊಂಡರೆ ಆ ಅರಳೆಯನ್ನು ಕಿತ್ತುಹಾಕಬೇಕು, ತಪ್ಪು ಒಪ್ಪಿಕೊಳ್ಳಬೇಕು. ಹತ್ತಿ ಬೆಳೆದೇ ಬದುಕುವ ಶಹಾಪುರ-ಸುರಪುರದ ಸೀಮೆಯ ನೆತ್ತಿಯ ಮೇಲೆ, ಅರಳೆಯ ಹಾಸಿಗೆ ಬೇಡವೆಂದ ಮಹಾತ್ಮನೇ ಹೋಗಿ ಮಲಗಿರುವುದು ವಿಚಿತ್ರವೇ. ಆದರೆ ಫರಸಿ ಪಕ್ಷದವರಿಗೆ ನಾನು ಕೊಡುವ ಉತ್ತರ ಇಷ್ಟೇ: ಬುದ್ಧನಿಗೆ ಬೆಳಗ್ಗೆ ಎದ್ದು ಕೊಡಪಾನ ಎತ್ತಬೇಕಾಗಿಲ್ಲ. ಅಷ್ಟೇ ಅಲ್ಲ, ಆತ ಏಳುವುದೇ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಮನುಷ್ಯರ ಬೆನ್ನಿನ ಇತಿಹಾಸ ಬಹಳ ಹಳೆಯದು. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಆದರೆ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೆಗೆದ ಕಲ್ಲಿನ ಆಯುಧಗಳಿಗೆ ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಅಲ್ಲಿ ಸುಣ್ಣಕಲ್ಲಿನ ಚಪ್ಪಡಿ ಎತ್ತಿ, ಕೂತು, ಬಗ್ಗಿ, ಕುಟ್ಟಿ ಕುಟ್ಟಿ ಕೊಡಲಿ ಮಾಡಿದವರ ನಡ ಸುಮ್ಮನೆ ಬಿಟ್ಟಿರಲಾರದು. ಎರಡು ಕಾಲ ಮೇಲೆ ನಿಂತ ದಿನವೇ ಮನುಷ್ಯ ಈ ಕರ ಕಟ್ಟಲು ಒಪ್ಪಿಕೊಂಡ.

ಹಾಸಿಗೆಯೂ ಹೊಸ ಚಟವೇನಲ್ಲ. ದಕ್ಷಿಣ ಆಫ್ರಿಕಾದ ಸಿಬುಡು ಎಂಬ ಕಲ್ಲಾಸರೆಯಲ್ಲಿ ಸುಮಾರು 77,000 ವರ್ಷದ ಹಿಂದಿನ ಹಾಸಿಗೆ ಸಿಕ್ಕಿದೆ. ಕೆಳಗೆ ಜೊಂಡು, ಮೇಲೆ ಕೀಟ ಓಡಿಸುವ ಗಿಡದ ಎಲೆ. ಹೊಲಸಾದ ಮೇಲೆ ಸುಟ್ಟು ಹೊಸದು ಹಾಸುತ್ತಿದ್ದರು. ಅದೇ ದೇಶದ ಬಾರ್ಡರ್ ಕೇವ್ ಎಂಬ ಗವಿಯಲ್ಲಿ ಇನ್ನೂ ಹಳೆಯದು, ಸುಮಾರು 2 ಲಕ್ಷ ವರ್ಷದ್ದು: ಬೂದಿಯ ಮೇಲೆ ಹುಲ್ಲು. ಹರಿಯುವ ಹುಳ ಬೂದಿ ದಾಟಲಾರವು ಎಂಬುದು ಅವರಿಗೆ ಗೊತ್ತಿದ್ದಿರಬೇಕು. ಹೊರಸಿನ ಸಂದಿಯಲ್ಲಿ ತಗಣಿ ಸೇರಿಕೊಂಡರೆ ಅದಕ್ಕೆ ಸೀಮೆಎಣ್ಣೆ ಹನಿಸಿ, ನಡುಬಿಸಿಲಿಗೆ ಹಾಕಿ ಬಡಿದ ನಮ್ಮ ಅಜ್ಜಿಯರು ಆ ಗವಿಯವರಿಗೆ ಸಿಕ್ಕಿದ್ದರೆ ಮಾತಾಡಲು ವಿಷಯ ಬಹಳ ಇರುತ್ತಿತ್ತು. ಆದ್ದರಿಂದ ‘ಹಿಂದಿನವರು ನೆಲದ ಮ್ಯಾಲ ಮಲಗ್ತಿದ್ರು’ ಎನ್ನುವವರಿಗೆ ಕೇಳಬೇಕು: ಎಷ್ಟು ಹಿಂದಿನವರು?

ನಮ್ಮ ಹಿಂದಿನವರ ಗಾದಿ ಮಾಡಿದವರು ಪಿಂಜಾರರು. ನಮ್ಮ ಓಣಿಗೆ ಬರುತ್ತಿದ್ದ ಪಿಂಜಾರ ಕಾಕಾನ ಹೆಗಲ ಮೇಲೆ ಆಳೆತ್ತರದ ಬಿಲ್ಲು. ಅವನು ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ನರದ ಹುರಿಯನ್ನು ಬೆರಳಿಂದ ಮಿಡಿದು ‘ತೊಂಯ್’ ಎನ್ನಿಸುತ್ತ ಬರುವುದೇ ಅವನ ಕೂಗು. ಅಟ್ಟದ ಮೇಲಿನ ಹಳೆಯ ಗಾದಿ ಕೆಳಗಿಳಿಯುತ್ತಿತ್ತು. ಹೊಲಿಗೆ ಬಿಚ್ಚಿದರೆ ಒಳಗೆ ಗಂಟುಗಂಟಾದ, ಕಂದು ತಿರುಗಿದ ಹತ್ತಿ. ಕಾಕಾ ಪಡಸಾಲೆಯ ಒಂದು ಮೂಲೆಗೆ ಬಿಲ್ಲು ತೂಗುಹಾಕಿ, ಹುರಿಯನ್ನು ಹತ್ತಿಯ ಗುಡ್ಡೆಗೆ ತಾಗಿಸಿ ಹಿಡಿದು, ಮರದ ಕೊಡತಿಯಿಂದ ಹೊಡೆಯುತ್ತಿದ್ದ. ಹೊಡೆತ ಹೊಡೆತಕ್ಕೆ ಹುರಿ ನಡುಗಿ ಹತ್ತಿಯ ಗಂಟು ಎಳೆಎಳೆಯಾಗಿ ಬಿಟ್ಟುಕೊಂಡು ಹಾರುತ್ತಿತ್ತು. ತಾಸಿನೊಳಗೆ ಕಾಕಾನ ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬೆಳ್ಳಗೆ. ಸೀನುವುದು ನಾವು, ಅವನಲ್ಲ.

ನನಗೆ ಈಗ ಮುಖ್ಯವೆನಿಸುವುದು ಅವನು ಹತ್ತಿ ತುಂಬುವ ಮೊದಲು ಕೇಳುತ್ತಿದ್ದ ಪ್ರಶ್ನೆ. “ಯಾರ ಸಲುವಾಗಿ, ಯಕ್ಕಾ?” ಅವ್ವ ಹೇಳಬೇಕು. ಬೀಗರು ಬಂದಾಗ ಹಾಸುವುದಾದರೆ ಒಂದು ಲೆಕ್ಕ, ಬಾಣಂತಿಗಾದರೆ ಇನ್ನೊಂದು. ಮದುವೆಯ ಮಗಳ ಜೊತೆ ಕೊಟ್ಟು ಕಳಿಸುವುದಾದರೆ ನೋಡಲು ಉಬ್ಬಿರಬೇಕು, ಬೀಗರ ಮುಂದೆ ಮರ್ಯಾದೆಯ ಪ್ರಶ್ನೆ. ಅಜ್ಜನಿಗೆ ಎಂದರೆ ಕಾಕಾ ಎದ್ದು ಅಜ್ಜನ ಹತ್ತಿರ ಹೋಗಿ, “ಯಾ ಮಗ್ಗಲಾ ಮಲಗ್ತೀರಿ ಮುತ್ಯಾ, ಎಲ್ಲಿ ಒತ್ತತದ?” ಎಂದು ಕೇಳಿ ಬಂದು, ನಡದ ಜಾಗದಲ್ಲಿ ನಾಲ್ಕು ಮುಷ್ಟಿ ಹತ್ತಿ ಹೆಚ್ಚಿಗೆ ಒತ್ತುತ್ತಿದ್ದ. ಆಮೇಲೆ ಪಟ್ಟಿಪಟ್ಟಿ ಗಾದಿ ಬಟ್ಟೆಯ ಬಾಯಿ ಹೊಲಿದು, ಕೋಲಿನಿಂದ ಬಡಿದು ಸಮ ಮಾಡಿ, ಉದ್ದ ದಬ್ಬಣದಿಂದ ಗೇಣಿಗೊಂದು ಟಾಕಿ ಹಾಕುತ್ತಿದ್ದ. ಟಾಕಿ ಬಿಗಿಯಾದರೆ ಗಾದಿ ಬಿರುಸು, ಸಡಿಲಾದರೆ ಮೆತ್ತಗೆ. ಮುತ್ಯಾ ಒಮ್ಮೆ ಮಲಗಿ ನೋಡಿ ತಲೆಯಾಡಿಸಿದ ಮೇಲೆಯೇ ದಾರ ಹರಿಯುವುದು.

ಹತ್ತಿಯ ಗಾದಿಯ ದೋಷವೂ ಎಲ್ಲರಿಗೂ ಗೊತ್ತಿದ್ದದ್ದೇ. ವರ್ಷ ಕಳೆದಂತೆ ಭಾರ ಬಿದ್ದ ಕಡೆ ಹತ್ತಿ ಅಡಕವಾಗಿ ತಗ್ಗು ಬೀಳುತ್ತದೆ. ಬೆವರು, ತೇವ ಹೀರಿಕೊಳ್ಳುತ್ತದೆ. ಅದಕ್ಕೇ ಆಗಾಗ ಬಿಸಿಲಿಗೆ ಹಾಕುವುದು, ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿ ಪಿಂಜಿಸುವುದು. ಗಾದಿ ಆಗ ಕೊಂಡು ಮುಗಿಯುವ ವಸ್ತುವಾಗಿರಲಿಲ್ಲ. ತಪ್ಪಿದರೆ ಬಿಚ್ಚಿ ತಿದ್ದಬಹುದಾಗಿತ್ತು. ಈಗಿನ ಗಾದಿಯನ್ನು ಬಿಚ್ಚಿದರೆ ವಾರಂಟಿ ಹೋಗುತ್ತದೆ.

ನಡುವೆ ತೆಂಗಿನ ನಾರು ಬಂತು. ಅದರಲ್ಲಿ ಕರ್ನಾಟಕದ ಪಾಲೂ ಇದೆ. ಮಣಿಪಾಲದ ಪೈ ಮನೆತನದವರು 1962ರಲ್ಲಿ ಕರ್ನಾಟಕ ಕನ್ಸ್ಯೂಮರ್ ಪ್ರಾಡಕ್ಟ್ಸ್ ಎಂಬ ಕಂಪನಿ ಕಟ್ಟಿ, ನಾರಿಗೆ ರಬ್ಬರಿನ ಹಾಲು ಹಿಡಿಸಿ ಒತ್ತಿದ ‘ಕರ್ಲಾನ್’ ಗಾದಿಗಳನ್ನು ಮನೆಮನೆಗೆ ಮುಟ್ಟಿಸಿದರು. ಹಾಸ್ಟೆಲು, ದವಾಖಾನೆ, ಲಾಡ್ಜು ಎಲ್ಲ ಕಡೆ ಅದೇ ಹೆಸರು. ಬೇರೆ ಕಂಪನಿಯ ನಾರಿನ ಗಾದಿಗೂ ಜನ ಕರ್ಲಾನ್ ಎಂದೇ ಕರೆದರು. ಕರ್ಲಾನ್ ಕಂಪನಿಯನ್ನು 2023ರಲ್ಲಿ ಸ್ಲೀಪ್‌ವೆಲ್ ಮಾಡುವ ಶೀಲಾ ಫೋಮ್ ಕೊಂಡಿತು. ನಾರು ಗಟ್ಟಿ, ಗಾಳಿಯಾಡುತ್ತದೆ. ಆದರೆ ಒಮ್ಮೆ ತಗ್ಗು ಬಿದ್ದರೆ ಯಾವ ಕಾಕಾನೂ ಎತ್ತಲಾರ.

ಆಮೇಲೆ ಬಂದದ್ದು ಮೆಮೊರಿ ಫೋಮ್. 1966ರಲ್ಲಿ ಅಮೆರಿಕದ ನಾಸಾಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದ್ದು ಮಲಗುವವರಿಗಾಗಿ ಅಲ್ಲ. ವಿಮಾನದ ಸೀಟಿನಲ್ಲಿ ಕೂತವರಿಗೆ ಧಕ್ಕೆ ತಾಗದಿರಲಿ ಎಂದು. ಒತ್ತಿದರೆ ನಿಧಾನ ಒಳಗಿಳಿದು, ಕೈ ತೆಗೆದರೆ ನಿಧಾನ ಮೇಲೆ ಬರುತ್ತದೆ. ಇಂಥ ಪದಾರ್ಥವನ್ನು ಹಾಸಿಗೆಗೆ ಹಾಕುವ ಮೊದಲು ಹಳ್ಳಿ ಬಸ್ಸಿನ ಕೊನೆಯ ಸೀಟಿಗೆ ಹಾಕಬೇಕಿತ್ತು ಎಂಬುದು ನನ್ನ ಅಭಿಪ್ರಾಯ; ಧಕ್ಕೆಯ ವಿಷಯದಲ್ಲಿ ವಿಮಾನಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ನಿದ್ದೆ ಈಗ ದೊಡ್ಡ ದಂಧೆ. 2019ರಲ್ಲಿ ಬೆಂಗಳೂರಿನ ವೇಕ್‌ಫಿಟ್ ಎಂಬ ಗಾದಿ ಕಂಪನಿ ‘ನಿದ್ದೆಯ ಇಂಟರ್ನ್‌ಶಿಪ್’ ಎಂದು ಜಾಹೀರಾತು ಕೊಟ್ಟಿತು: 100 ರಾತ್ರಿ, ದಿನಕ್ಕೆ 9 ತಾಸು ಮಲಗಬೇಕು, 1 ಲಕ್ಷ ರೂಪಾಯಿ ಸಂಬಳ. ಸುದ್ದಿ ನಮ್ಮೂರಿಗೂ ಬಂತು. ಚಹಾದಂಗಡಿಯಲ್ಲಿ ಒಬ್ಬರು, “ನಮ್ಮ ಹುಡುಗ ಸಂಬಳಾ ಇಲ್ಲದs ಹನ್ನೊಂದು ವರ್ಷದಿಂದ ಈ ನೌಕರಿ ಮಾಡ್ಲಿಕತ್ತಾನ, ಅರಿಯರ್ಸ್ ಸಿಗತದೇನ ಕೇಳ್ರಿ” ಎಂದರು.

ಇಷ್ಟೆಲ್ಲ ತಿಳಿದುಕೊಂಡು ನಾನೂ ನನ್ನ ಹೆಂಡತಿಯೂ ಕಲಬುರಗಿಯ ಒಂದು ದೊಡ್ಡ ಅಂಗಡಿಗೆ ಹೋದೆವು. ಸಾಲುಸಾಲಾಗಿ ಗಾದಿಗಳು, ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಬಿರುದು. ಅದರಲ್ಲಿ ಹೆಚ್ಚಿನವು ‘ಆರ್ಥೋ’. ಅಂಗಡಿಯ ಹುಡುಗ ಭಾರಿ ಚುರುಕು. “ಅಂಕಲ್, ಇದು ಆರ್ಥೋ ಅದ. ಇದು ಆರ್ಥೋ ಪ್ಲಸ್. ಇದು ಆರ್ಥೋ ಪ್ರೊ.” ಎಲುಬಿನ ಡಾಕ್ಟರರಿಗೂ ಇಷ್ಟು ಡಿಗ್ರಿ ಇರುವುದಿಲ್ಲ. ಮುಟ್ಟಿ ನೋಡಿದರೆ ಮೊದಲನೆಯದು ಹಲಗೆ, ಮೂರನೆಯದು ಶಿರಾ. ‘ಆರ್ಥೋ’ ಎನ್ನುವುದು ಗಟ್ಟಿತನದ ಅಳತೆಯೂ ಅಲ್ಲ, ವೈದ್ಯರ ಚೀಟಿಯೂ ಅಲ್ಲ. ಬಟ್ಟೆಯ ಮೇಲಿನ ಕಸೂತಿ, ಅಷ್ಟೇ.

ಗಾದಿಯನ್ನು ಅಂಗೈಯಿಂದ ಒತ್ತಿ ನೋಡಿ ಕೊಳ್ಳುವವರೇ ಹೆಚ್ಚು. ಅಂಗೈ ಮಲಗುವುದಿಲ್ಲ, ಮಲಗುವುದು ಬೆನ್ನು. ಆದ್ದರಿಂದ ಅಂಗಡಿಯಲ್ಲೇ ಹತ್ತು ಹದಿನೈದು ನಿಮಿಷ ಮಲಗಿ ನೋಡಬೇಕು ಎನ್ನುತ್ತಾರೆ ತಿಳಿದವರು. ನಾನು ಚಪ್ಪಲಿ ಬಿಟ್ಟು, ಧೋತರ ಸರಿಮಾಡಿಕೊಂಡು ಮಲಗಿದೆ. ಹೆಂಡತಿ ಕೂಡಲೇ ನಾಲ್ಕು ಹೆಜ್ಜೆ ದೂರ ಹೋಗಿ ಪರದೆ ಬಟ್ಟೆ ನೋಡತೊಡಗಿದಳು. ಮಲಗಿದವನಿಗೂ ತನಗೂ ಸಂಬಂಧವಿಲ್ಲ ಎಂಬ ಮುಖ. ಅಂಗಡಿಗೆ ಬಂದ ಒಂದು ಕೂಸು ನನ್ನನ್ನು ನೋಡಿ, “ಅಜ್ಜಗ ಏನಾಗ್ಯದ?” ಎಂದು ಜೋರಾಗಿ ಕೇಳಿತು. ಅದರ ತಾಯಿ ನಮಸ್ಕಾರ ಮಾಡುವುದೊಂದು ಬಾಕಿ.

ಹಾಗೆ ಮಲಗಿದಾಗ ಮಾಡಬೇಕಾದ ಪರೀಕ್ಷೆ ಸರಳ. ಅಂಗಾತ ಮಲಗಿ ನಡದ ಕೆಳಗೆ ಕೈ ತೂರಿಸಬೇಕು. ಕೈ ಸಲೀಸಾಗಿ ಆಚೆ ಬಂದರೆ ಗಾದಿ ಅತಿ ಬಿರುಸು. ನಡ ಗಾಳಿಯಲ್ಲಿ ತೂಗುತ್ತಿದೆ ಎಂದರ್ಥ. ಕೈ ಒಳಗೇ ಹೋಗದಿದ್ದರೆ ಅತಿ ಮೆತ್ತಗೆ. ತುಸು ತಿಣುಕಿ ಹೋದರೆ ಹದ. ಮಗ್ಗುಲಾಗಿ ಮಲಗುವವರಿಗೆ ಭುಜ, ಟೊಂಕದ ಎಲುಬು ಚೂರು ಒಳಗಿಳಿಯಬೇಕು. ಹಿಂದಿನಿಂದ ನೋಡಿದವರಿಗೆ ಬೆನ್ನ ಹುರಿ ಸೊಟ್ಟ ಕಾಣಬಾರದು. ಮೊಳಕಾಲ ನಡುವೆ ಒಂದು ದಿಂಬು ಇಟ್ಟರೆ ಟೊಂಕಕ್ಕೆ ಆರಾಮ. ಅಂಗಾತ ಮಲಗುವವರು ಅದೇ ದಿಂಬನ್ನು ಮೊಳಕಾಲ ಕೆಳಗೆ ಇಟ್ಟುಕೊಳ್ಳಬೇಕು.

ಬಿರುಸು ಗಾದಿಯೇ ಬೆನ್ನಿಗೆ ಔಷಧ ಎಂದು ಡಾಕ್ಟರರೂ ಬಹಳ ಕಾಲ ಹೇಳುತ್ತಿದ್ದರು. ಸ್ಪೇನ್ ದೇಶದ ಫ್ರಾನ್ಸಿಸ್ಕೊ ಕೊವಾಕ್ಸ್ ಮತ್ತು ಸಂಗಡಿಗರು ಅದನ್ನು ಪರೀಕ್ಷೆಗೆ ಹಚ್ಚಿದರು. ಬಹಳ ದಿನದಿಂದ ನಡ ನೋವಿದ್ದ 313 ಜನರಿಗೆ ಹೊಸ ಗಾದಿ ಕೊಟ್ಟರು. ಅರ್ಧ ಜನಕ್ಕೆ ಬಿರುಸಿನದು, ಅರ್ಧ ಜನಕ್ಕೆ ಮಧ್ಯಮ ಹದದ್ದು. ಯಾರಿಗೆ ಯಾವುದು ಬಂದಿದೆ ಎಂದು ಹೇಳಲಿಲ್ಲ. 90 ದಿನದ ಮೇಲೆ ನೋಡಿದರೆ ಮಧ್ಯಮ ಹದದವರಿಗೇ ನೋವು ಹೆಚ್ಚು ಇಳಿದಿತ್ತು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಈ ಸುದ್ದಿಯನ್ನು ಹಲಗೆ ಪಕ್ಷದ ಹಿರಿಯರಿಗೆ ಮುಟ್ಟಿಸಿದೆ. “ಅವು ಸ್ಪೇನಿನ ಬೆನ್ನರಿ, ಉದ್ದಿನ ಹಪ್ಪಳ ಆಗಿರ್ತಾವ. ನಮ್ಮವು ಜ್ವಾಳದ ರೊಟ್ಟಿ ತಿಂದ ಬೆನ್ನು” ಎಂದು ಅವರು ವಿಷಯ ಮುಗಿಸಿದರು.

ಅಂಗಡಿಯಲ್ಲಿ ಹೇಳದ ಇನ್ನೆರಡು ಮಾತು ಊರಿಗೆ ಬಂದ ಮೇಲೆ ಹೊಳೆಯುತ್ತವೆ. ಒಂದು, ಅಳತೆ. ಕಂಪನಿಯ ಗಾದಿಗಳು 72, 75, 78 ಇಂಚು ಉದ್ದದ ಲೆಕ್ಕದಲ್ಲಿ ಬರುತ್ತವೆ. ನಮ್ಮ ಮನೆಯ ಸಾಗವಾನಿ ಮಂಚ ಮಾಡಿದ ಬಡಿಗ ಆ ಲೆಕ್ಕ ಕೇಳಿದವನಲ್ಲ. ನಮ್ಮಪ್ಪನನ್ನು ನಿಲ್ಲಿಸಿ, ಮೇಲೊಂದು ಗೇಣು ಸೇರಿಸಿ ಕೊಯ್ದವನು. ಸಿದ್ಧ ಗಾದಿ ಹಾಕಿದರೆ ಪಕ್ಕದಲ್ಲಿ ನಾಲ್ಕು ಬೆರಳು ಸಂದಿ ಉಳಿಯುತ್ತದೆ. ಆ ಸಂದಿಯಲ್ಲಿ ಚಾಳೀಸು, ರಿಮೋಟು, ಗುಳಿಗೆಯ ಚೀಟಿ ಎಲ್ಲ ಬೀಳುತ್ತವೆ, ತೆಗೆಯಲು ಬಗ್ಗಬೇಕು, ಬಗ್ಗಿದರೆ ನಡ ಹಿಡಿಯುತ್ತದೆ.

ಇನ್ನೊಂದು, ಬಿಸಿಲು. ಏಪ್ರಿಲ್-ಮೇ ತಿಂಗಳ ಸುರಪುರದ ಸೆಕೆ ಫೋಮ್ ಕಂಡುಹಿಡಿದವರ ಕಲ್ಪನೆಗೆ ಮೀರಿದ್ದು. ಫೋಮಿನಲ್ಲಿ ಮೈ ಇಳಿದಷ್ಟೂ ಮೈಯ ಬಿಸಿ ಅಲ್ಲೇ ನಿಲ್ಲುತ್ತದೆ. ಕರೆಂಟು ಹೋದರೆ ಆ ಗಾದಿ ನಮ್ಮ ಬೆನ್ನಿನ ಆಕಾರವನ್ನಷ್ಟೇ ಅಲ್ಲ, ಬೆವರನ್ನೂ ನೆನಪಿಟ್ಟುಕೊಳ್ಳುತ್ತದೆ. ಬ್ಯಾಸಗಿಯಲ್ಲಿ ನಮ್ಮ ಕಡೆಯವರು ಮಾಳಗಿ ಏರುವುದು ಇದಕ್ಕೇ. ಸಂಜೆ ಎರಡು ಕೊಡ ನೀರು ಸುರಿದು, ಜಮಖಾನಿ ಹಾಸಿ, ತಲೆದಿಂಬು ಒಗೆದರೆ ಆಯಿತು. ಹತ್ತು ಕೆಜಿಯ ಹತ್ತಿ ಗಾದಿಯನ್ನು ಸುತ್ತಿ ಹೆಗಲ ಮೇಲೆ ಹೊತ್ತು ಮೆಟ್ಟಿಲೇರಬಹುದು. ಡಬ್ಬಿಯಿಂದ ಎದ್ದ ಫೋಮ್ ಗಾದಿಯನ್ನು ಮತ್ತೆ ಸುತ್ತುವುದು ಬೇತಾಳನನ್ನು ಚೀಲಕ್ಕೆ ತುಂಬುವ ಕೆಲಸ. 100 ರಾತ್ರಿ ಮಲಗಿ ನೋಡಿ, ಬೇಡವಾದರೆ ವಾಪಸು ಕೊಡಿ ಎನ್ನುತ್ತವೆ ಆನ್‌ಲೈನ್ ಕಂಪನಿಗಳು. ಆ 100 ರಾತ್ರಿಯಲ್ಲಿ ನಮ್ಮ ಬ್ಯಾಸಗಿ ಬಿದ್ದರೆ ಪರೀಕ್ಷೆ ಪೂರ್ತಿ. ಥಂಡಿಯಲ್ಲಿ ಕೊಂಡರೆ ಅರ್ಧ.

ಇಷ್ಟು ಹೊತ್ತು ಬೆನ್ನನ್ನು ಇಡುವ ಜಾಗದ ಮಾತಾಯಿತು. ಬೆನ್ನು ಯಾರದು ಎಂಬುದು ಬಿಟ್ಟುಹೋಯಿತು. 1841ರಲ್ಲಿ ಸುರಪುರಕ್ಕೆ ಬಂದು, ಎಳೆಯ ಅರಸನ ಸಂಸ್ಥಾನ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬನ ಬಂಗಲೆ ಇಂದಿಗೂ ಗುಡ್ಡದ ಮೇಲಿದೆ. ಆ ಕಾಲದ ಸಾಹೇಬರು ಪಲ್ಲಕ್ಕಿಯಲ್ಲಿ ಗಾದಿ ಹಾಸಿಕೊಂಡು ರಾತ್ರಿಯೆಲ್ಲ ಮಲಗಿಯೇ ಊರಿಂದೂರಿಗೆ ಹೋಗುತ್ತಿದ್ದರು. ಗಾದಿ ಒಳಗಿನವರಿಗೆ, ನಡ ನೋವು ಹೊತ್ತವರಿಗೆ. ಈ ಲೆಕ್ಕ ಈಗಲೂ ಅಷ್ಟೇನೂ ಬದಲಾಗಿಲ್ಲ.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರದ ಎರೆಹೊಲಗಳಲ್ಲಿ ಭತ್ತ ಬಂತು, ಹತ್ತಿಯೂ ಹೆಚ್ಚಿತು. ಭತ್ತದ ಸಸಿ ಹಚ್ಚುವುದು ಬಗ್ಗಿ. ಹತ್ತಿ ಬಿಡಿಸುವುದು ಬಗ್ಗಿ, ಉಡಿ ಕಟ್ಟಿಕೊಂಡು, ಗಿಡದಿಂದ ಗಿಡಕ್ಕೆ. ಸಂಜೆ ತೂಕಕ್ಕೆ ಕೂಲಿ. ನಮ್ಮ ಮನೆಗೆ ಬರುವ ಒಬ್ಬಾಕೆ ಇದೇ ಕೆಲಸದವಳು. ಮೈ ದಣಿಸಿ ದುಡಿಯುವವರಿಗೆ ಕಲ್ಲ ಮೇಲೂ ನಿದ್ದೆ, ಗಾದಿ ಯಾತಕ್ಕೆ ಎಂದು ನಾವೆಲ್ಲ ಸುಲಭವಾಗಿ ಹೇಳುತ್ತೇವೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನೂ ಮೇಲೆ ಸೇರಿಸುತ್ತೇವೆ. ಅದನ್ನೇ ಅವಳ ಮುಂದೆ ಹೇಳಿದಾಗ ಅವಳು ನಕ್ಕು ಅಂದದ್ದು: “ನಿದ್ದಿ ಬರ್ತದ್ರಿ ಸರ. ಏಳಾಕ ಬರಲ್ಲ.”

ಅವಳ ಉತ್ತರದ ಮುಂದೆ ನಮ್ಮ ಮೂರೂ ಪಕ್ಷಗಳು ಠೇವಣಿ ಕಳೆದುಕೊಳ್ಳುತ್ತವೆ. ಬೆಳಗಿನ ಏಳುವಿಕೆಗೆ ಒಂದು ಶಾಸ್ತ್ರವಿದೆ. ಬೆನ್ನ ಹುರಿಯ ಮಣಿಗಳ ನಡುವೆ ಮೆತ್ತೆಗಳಿವೆ. ರಾತ್ರಿ ಮಲಗಿದಾಗ ಅವು ನೀರು ಹೀರಿ ಉಬ್ಬುತ್ತವೆ. ಬೆಳಗ್ಗೆ ಎಲ್ಲರೂ ಒಂದೆರಡು ಸೆಂಟಿಮೀಟರ್ ಎತ್ತರ ಇರುವುದು ಇದರಿಂದಲೇ. ಉಬ್ಬಿದ ಮೆತ್ತೆಯ ಮೇಲೆ ಎದ್ದ ಕೂಡಲೇ ಬಗ್ಗಿದರೆ ಒತ್ತಡ ಹೆಚ್ಚು. ಬೆಳಗಿನ ಮೊದಲ ತಾಸುಗಳಲ್ಲಿ ಬಗ್ಗುವುದನ್ನು ತಪ್ಪಿಸಿದವರಿಗೆ ನಡ ನೋವು ಇಳಿದದ್ದನ್ನು 1998ರಲ್ಲಿ ಅಮೆರಿಕದ ಸ್ಟೋವರ್ ಸ್ನೂಕ್ ಮತ್ತು ಸಂಗಡಿಗರು ತೋರಿಸಿದರು. ನಮ್ಮ ಹೆಣ್ಣುಮಕ್ಕಳ ದಿನ ಆರಂಭವಾಗುವುದೇ ಹೇಗೆ? ಎದ್ದ ಕೂಡಲೇ ಬಗ್ಗಿ ಅಂಗಳದ ಕಸ, ಬಗ್ಗಿ ಥಳಿ, ಬಗ್ಗಿ ರಂಗೋಲಿ, ಆಮೇಲೆ ಕೂತು ರೊಟ್ಟಿ. ಗಂಡಸರು ಆ ಹೊತ್ತಿಗೆ ಮಂಚದ ಮೇಲೆ ಕೂತು ‘ಈ ಗಾದಿ ಸರಿ ಇಲ್ಲ’ ಎಂದು ಯೋಚಿಸುತ್ತಿರುತ್ತೇವೆ.

ಇದನ್ನು ಮನೆಯಲ್ಲಿ ವಿವರಿಸಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡು ಉದ್ದ ಹಿಡಿಕೆಯ ಕಸಬರಿಗೆ ತರಿಸಿದಳು, ಒಂದು ದಿನ ಅದನ್ನು ನನ್ನ ಕೈಗೆ ಕೊಟ್ಟಳು. ಊರಿನ ಡಾಕ್ಟರರೂ ಗಾದಿಯ ಸುದ್ದಿ ಎತ್ತಲಿಲ್ಲ. ಮಲಗಿ ಮಲಗಿ ನಡ ಸರಿಯಾಗುವುದಿಲ್ಲ, ಆದಷ್ಟು ಅಡ್ಡಾಡಿ ಎಂದರು. ಕಾಲಿಗೆ ಜೋಮು ಇಳಿದರೆ, ಕಾಲಿನ ಬಲ ಹೋದರೆ, ಒಂದಕ್ಕೆ-ಎರಡಕ್ಕೆ ತೊಂದರೆಯಾದರೆ ಮಾತ್ರ ಗಾದಿ ಅಂಗಡಿಗಲ್ಲ, ನೇರ ದವಾಖಾನೆಗೆ ಓಡಿ ಬನ್ನಿ ಎಂದರು. 2020ರಲ್ಲಿ ಜಗತ್ತಿನಲ್ಲಿ ನಡ ನೋವಿನವರ ಸಂಖ್ಯೆ ಸುಮಾರು 61.9 ಕೋಟಿ ಎಂಬ ಅಂದಾಜಿದೆ. ಅಷ್ಟು ಜನರಿಗೂ ಒಂದೇ ಹದದ ಗಾದಿ ಮಾರುತ್ತೇನೆ ಎನ್ನುವವನ ಧೈರ್ಯ ಮೆಚ್ಚಬೇಕು.

ಕೊನೆಗೆ ನಾವು ಹೋದದ್ದು ಸುರಪುರದಲ್ಲೇ ಇರುವ ಒಂದು ಗಾದಿ ಅಂಗಡಿಗೆ. ಬಿಲ್ಲು ಹೋಗಿದೆ, ಮಷಿನ್ ಬಂದಿದೆ. ಒಂದು ಬಾಯಿಂದ ಗಂಟು ಹತ್ತಿ ಒಳಗೆ, ಇನ್ನೊಂದು ಬಾಯಿಂದ ಮೋಡ ಹೊರಗೆ. ಹುಬ್ಬಿನ ಮೇಲೆ ಅದೇ ಬಿಳಿ ಧೂಳು. ಮೂಗಿಗೆ ಮಾತ್ರ ಈಗ ಮಾಸ್ಕು. ಕೆಳಗೆ ತೆಳ್ಳನೆಯ ನಾರಿನ ಗಾದಿ, ಮೇಲೆ ಹೊಸ ಹತ್ತಿಯದು ಎಂದು ನಮ್ಮ ಯೋಚನೆ ಹೇಳಿದೆವು. ಮಂಚದ ಅಳತೆ ಕೊಟ್ಟೆವು. ಸಂದಿ ಉಳಿಯುವ ಪ್ರಶ್ನೆಯೇ ಇಲ್ಲ, ಬಡಿಗನ ಗೇಣಿಗೆ ಸರಿಯಾಗಿ ಬಟ್ಟೆ ಕತ್ತರಿಸುತ್ತಾರೆ. ಮಷಿನ್ ನಡೆಸುತ್ತಿದ್ದ ಹುಡುಗ ಅದನ್ನು ನಿಲ್ಲಿಸಿ ಕೇಳಿದ: “ಯಾರ ಸಲುವಾಗ್ರಿ?”

ಇಬ್ಬರ ಸಲುವಾಗಿ ಎಂದೆ. ಅವನು ನನ್ನನ್ನು ನೋಡಿದ, ನನ್ನ ಹೆಂಡತಿಯನ್ನು ನೋಡಿದ. “ಸರ ಅಂಗಾತ ಮಲಗ್ತೀರಿ, ಅಲ್ರೀ? ಅಮ್ಮಾರು ಮಗ್ಗಲಾ?” ಹೇಗೆ ಗೊತ್ತಾಯಿತೋ. “ಹಂಗಾದ್ರ ಒಂದs ಗಾದಿ ಬ್ಯಾಡ್ರಿ. ಎರಡು ಮಾಡ್ತೀನಿ. ನಿಮ್ಮದಕ್ಕ ಟಾಕಿ ಬಿಗಿ, ಅಮ್ಮಾರದಕ್ಕ ಒಂದೀಟು ಸಡ್ಲ.” ಸ್ಪೇನಿನ ಪರೀಕ್ಷೆಯ ಸುದ್ದಿ ಅವನವರೆಗೆ ಮುಟ್ಟಿರಲಾರದು, ಆದರೆ ಗಾದಿ ಮಾಡುವುದಕ್ಕೆ ಮೊದಲು ಬೆನ್ನನ್ನು ಕೇಳಬೇಕೆಂಬುದು ಅವನಿಗೆ ಅಪ್ಪನಿಂದ ಬಂದಿದೆ. ಕಲಬುರಗಿಯ ಅಂಗಡಿಯಲ್ಲಿ ನಾನು ಹುಡುಕುತ್ತಿದ್ದುದು ಆರ್ಥೋ ಪ್ಲಸ್ಸನ್ನಲ್ಲ, ಈ ಪ್ರಶ್ನೆಯನ್ನೇ ಇರಬೇಕು.

ಗಾದಿಗಳು ಟಂಟಂನಲ್ಲಿ ಬಂದವು. ಎರಡು ಗಾದಿ ಇಳಿದದ್ದನ್ನು ಓಣಿ ನೋಡಿತು, ಎರಡೂ ಒಂದೇ ಕೋಣೆಗೆ ಹೋದದ್ದನ್ನೂ ನೋಡಿತು, ಆದರೂ ಸಂಜೆಯೊಳಗೆ ಸರ ಮತ್ತು ಅಮ್ಮಾರ ನಡುವೆ ಏನೋ ಬಿರುಕು ಎಂಬ ಸುದ್ದಿ ಚಹಾದಂಗಡಿ ಮುಟ್ಟಿತ್ತು. ಕಂಬದಿಂದ ಜಾರಿದ ಹಿರಿಯರು ನನ್ನನ್ನು ಬದಿಗೆ ಕರೆದು, “ಈ ವಯಸ್ಸಿನಾಗ ಬ್ಯಾಡ್ರಿ” ಎಂದು ಬುದ್ಧಿ ಹೇಳಿದರು. ಪಕ್ಕದ ಮನೆಯಾಕೆ ತಡೆಯಲಾರದೆ ಒಳಗೇ ಬಂದು ಕೇಳಿದಳು: “ಅಲ್ರೀ ಅಕ್ಕಾರ, ನಿಮಗ ಸರಗ ಏನರ ಆಗ್ಯದೇನು?”

ನನ್ನ ಹೆಂಡತಿ ಮೊಳಕಾಲ ನಡುವಿನ ದಿಂಬಿಗೆ ಗಲೀಪು ಹಾಕುತ್ತಾ ಹೇಳಿದಳು: “ಆಗ್ಯದವ್ವಾ. ಅವರ ನಡಾ ಬ್ಯಾರೆ, ನನ್ನ ನಡಾ ಬ್ಯಾರೆ ಅಂತ ಇಷ್ಟು ವರ್ಷದ ಮ್ಯಾಲ ಅವರಿಗಿ ತಿಳದದ.”